ಕ್ಯಾಸ್ಪಿಯನ್ ಸಮುದ್ರದ ಟೆಹ್ರಾನ್ ಒಪ್ಪಂದವನ್ನು ಓದುವ ಕ್ರಮ

ಕ್ಯಾಸ್ಪಿಯನ್‌ಗೆ ಸಮುದ್ರವೆಂಬ ಹೆಸರಿದ್ದರೂ ಅದು ಸುತ್ತಲೂ ನೆಲವಿರುವ, ಜಗತ್ತಿನ ಅತಿ ದೊಡ್ಡ ಸರೋವರ. ಅದರ ದಡದಲ್ಲಿರುವ ರಷ್ಯಾ, ಕಝಾಕ್‌ಸ್ತಾನ, ತುರ್ಕಮೆನಿಸ್ತಾನ, ಇರಾನ್ ಮತ್ತು ಅಜೆರ್ಬೈಜಾನ್ ದೇಶಗಳು ಅದರ ಪರಿಸರ ರಕ್ಷಣೆಗಾಗಿ 2003ರ ನವೆಂಬರ್ 4ರಂದು ಟೆಹ್ರಾನ್‌ನಲ್ಲಿ ಸಹಿ ಮಾಡಿದ ಒಪ್ಪಂದವನ್ನು ಮೊದಲ ಬಾರಿಗೆ ಓದುವವರು ಪೀಠಿಕೆಯನ್ನು ಸದ್ಯಕ್ಕೆ ಬದಿಗಿಟ್ಟು, ವ್ಯಾಪ್ತಿಯನ್ನು ಹೇಳುವ ಕಲಮಿನಿಂದ ಆರಂಭಿಸುವುದು ಒಳ್ಳೆಯದು.

ನೀರಿನ ಮಟ್ಟದ ಏರಿಳಿತವನ್ನು ಗಣನೆಗೆ ತೆಗೆದುಕೊಳ್ಳಬೇಕೆಂದೂ, ನೆಲದ ಮೇಲಿನ ಮೂಲಗಳಿಂದ ಬರುವ ಮಾಲಿನ್ಯಕ್ಕೂ ಒಪ್ಪಂದ ಅನ್ವಯಿಸುತ್ತದೆಂದೂ ಆ ಕಲಮು ಹೇಳುತ್ತದೆ. ಇದರ ತೂಕ ತಿಳಿಯಬೇಕಾದರೆ ಭೂಪಟವನ್ನು ಪಕ್ಕದಲ್ಲಿ ಇರಿಸಿಕೊಳ್ಳಿ. ಕ್ಯಾಸ್ಪಿಯನ್‌ಗೆ ಸೇರುವ ನದಿನೀರಿನಲ್ಲಿ ಸುಮಾರು ಶೇ. 80ರಷ್ಟನ್ನು ವೋಲ್ಗಾ ನದಿಯೊಂದೇ ತರುತ್ತದೆ; ಆದ್ದರಿಂದ ದಡದಿಂದ ನೂರಾರು ಕಿಲೋಮೀಟರ್ ದೂರದ ರಷ್ಯಾದ ನಗರಗಳೂ ಈ ಓದಿನೊಳಗೆ ಬರಬೇಕು.

ಅನಂತರ, ಒಪ್ಪಂದ ಯಾವುದನ್ನು ಹೊರಗಿಟ್ಟಿದೆ ಎಂಬುದನ್ನು ಹುಡುಕಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ, ಕಾನೂನಿನ ದೃಷ್ಟಿಯಲ್ಲಿ ಕ್ಯಾಸ್ಪಿಯನ್ ಸಮುದ್ರವೋ ಸರೋವರವೋ, ತಳದ ತೈಲ ಯಾರಿಗೆ ಸೇರಬೇಕು ಎಂಬ ವಿವಾದ ಬಹುಕಾಲ ಬಗೆಹರಿಯಲಿಲ್ಲ. ಆ ಮಾತುಕತೆಯ ಫಲಿತಾಂಶವನ್ನು ತಾನು ಮೊದಲೇ ನಿರ್ಧರಿಸುವುದಿಲ್ಲವೆಂದು ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ದಾಖಲೆಯ ಅತ್ಯಂತ ವಿವೇಕದ ನಡೆ ಇದೇ: ಕ್ಯಾಸ್ಪಿಯನ್‌ನ ಕಾನೂನು ಸ್ಥಾನಮಾನದ ಒಪ್ಪಂದಕ್ಕೆ ಕಝಾಕ್‌ಸ್ತಾನದ ಅಕ್ತೌ ನಗರದಲ್ಲಿ ಸಹಿ ಬಿದ್ದದ್ದು 2018ರಲ್ಲಿ, ಅಲ್ಲಿಯವರೆಗೆ ಸ್ಟರ್ಜನ್ ಮೀನುಗಳಾಗಲಿ ಕ್ಯಾಸ್ಪಿಯನ್ ಸೀಲ್ ಪ್ರಾಣಿಗಳಾಗಲಿ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಇದು ಚೌಕಟ್ಟಿನ ಒಪ್ಪಂದವಾದ್ದರಿಂದ ವಿವರವಾದ ಹೊಣೆಗಳು ಅದರ ಪ್ರೋಟೋಕಾಲ್‌ಗಳಲ್ಲಿ, ಅಂದರೆ ಪೂರಕ ಒಪ್ಪಂದಗಳಲ್ಲಿ ಇವೆ. ಪ್ರತಿಯೊಂದಕ್ಕೂ ಸಹಿ ಬಿದ್ದ ದಿನವನ್ನೂ ಜಾರಿಗೆ ಬಂದ ದಿನವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ, ಏಕೆಂದರೆ ಸಹಿಯಾದ ಮಾತ್ರಕ್ಕೆ ಯಾವ ದೇಶವೂ ಪೂರ್ಣವಾಗಿ ಬದ್ಧವಾಗುವುದಿಲ್ಲ. ಮೂಲ ಒಪ್ಪಂದ ಐದೂ ದೇಶಗಳ ಅನುಮೋದನೆ ಪಡೆದು 2006ರ ಆಗಸ್ಟ್ 12ರಂದು ಜಾರಿಯಾಯಿತು. ತೈಲ ಸೋರಿಕೆಯನ್ನು ಎದುರಿಸುವ ಅಕ್ತೌ ಪ್ರೋಟೋಕಾಲ್‌ಗೆ 2011ರಲ್ಲಿ ಸಹಿಯಾದರೂ ಅದು ಜಾರಿಗೆ ಬಂದದ್ದು 2016ರಲ್ಲಿ. ತೈಲಬಾವಿಗಳಿಂದ ತುಂಬಿದ ಜಲರಾಶಿಗೆ ಐದು ವರ್ಷ ಬಹಳ ದೀರ್ಘ ಕಾಲ.

ಕೊನೆಯದಾಗಿ ವಿವಾದ ಪರಿಹಾರದ ಕಲಮನ್ನು ನೋಡಿ. ಸಮಾಲೋಚನೆ, ಮಾತುಕತೆ ಅಥವಾ ದೇಶಗಳೇ ಆರಿಸಿಕೊಂಡ ಬೇರೆ ಶಾಂತಿಯುತ ಮಾರ್ಗ ಎಂದಷ್ಟೇ ಅಲ್ಲಿದೆ. ಕಡ್ಡಾಯವಾಗಿ ಹೋಗಲೇಬೇಕಾದ ನ್ಯಾಯಾಲಯವಿಲ್ಲ. ಹಾಗಾಗಿ ಯಾವುದೇ ಕಲಮಿನಲ್ಲಿ ‘ಮಾಡತಕ್ಕದ್ದು’ ಎಂದಿದೆಯೋ ‘ಪ್ರಯತ್ನಿಸತಕ್ಕದ್ದು’ ಎಂದಿದೆಯೋ ಎಂಬುದನ್ನು ಗುರುತು ಹಾಕಿಕೊಂಡೇ ಮುಂದೆ ಓದಿ.