ಸಣ್ಣ ಕಾಲೇಜಿಗೂ ಬೇಕು ಸಂಶೋಧನಾ ಭಂಡಾರ: ಕಟ್ಟುವುದು ಹೇಗೆ?

ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಅಧ್ಯಾಪಕರು ಏನೇನು ಬರೆದಿದ್ದಾರೆ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಒಂದಿಷ್ಟು ಬೀರುವಿನಲ್ಲಿ, ಒಂದಿಷ್ಟು ಪೆನ್‌ಡ್ರೈವ್‌ನಲ್ಲಿ, ಉಳಿದದ್ದು ನಿವೃತ್ತರ ಇಮೇಲ್‌ನಲ್ಲಿ. ಅವನ್ನೆಲ್ಲ ಒಟ್ಟುಗೂಡಿಸಿ, ಹುಡುಕಿ ಓದುವಂತೆ ಇಡುವ ವ್ಯವಸ್ಥೆಯೇ ಡಿಜಿಟಲ್ ರೆಪಾಸಿಟರಿ. ಶ್ರದ್ಧೆಯುಳ್ಳ ಗ್ರಂಥಪಾಲಕರು, ಕಂಪ್ಯೂಟರ್ ಬಲ್ಲ ಒಬ್ಬರು, ಬೆನ್ನಿಗೆ ನಿಲ್ಲುವ ಪ್ರಾಂಶುಪಾಲರು ಇದ್ದರೆ ಸಣ್ಣ ಕಾಲೇಜೂ ಇದನ್ನು ಕಟ್ಟಬಹುದು.

ಮೊದಲು ಒಂದು ಪುಟದ ನಿಯಮಾವಳಿ ಬರೆದುಕೊಳ್ಳಿ. ಏನನ್ನು ಸೇರಿಸುತ್ತೀರಿ, ಯಾರು ಸೇರಿಸಬಹುದು, ಪರಿಶೀಲಿಸುವವರು ಯಾರು, ತೆಗೆದುಹಾಕುವ ಸಂದರ್ಭ ಯಾವುದು, ಇಷ್ಟು ಸಾಕು.

ಸಾಫ್ಟ್‌ವೇರ್‌ಗೆ ಹಣ ಕೊಡಬೇಕಾಗಿಲ್ಲ. ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ 2000ರಲ್ಲಿ ಹುಟ್ಟಿದ ಇಪ್ರಿಂಟ್ಸ್, ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿ-ಸ್ಪೇಸ್, ಎರಡೂ ಉಚಿತ. ಸರ್ವರ್ ನೋಡಿಕೊಳ್ಳಲು ಯಾರೂ ಇಲ್ಲವೆಂದಾದರೆ ಹಠ ಮಾಡಬೇಡಿ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ, ಸಂಶೋಧನಾ ಕೃತಿಗಳನ್ನು ಇಡುವ ಝೆನೊಡೊ ತಾಣದಲ್ಲಿ ಕಾಲೇಜಿನ ಹೆಸರಲ್ಲಿ ಒಂದು ಸಮುದಾಯ ಪುಟ ತೆರೆದು ಅಲ್ಲಿಂದಲೇ ಆರಂಭಿಸಿ.

ಅನುಮತಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಪಿಡಿಎಫ್ ಅನ್ನು ಹಾಗೆಯೇ ಏರಿಸಲು ಎಷ್ಟೋ ಪ್ರಕಾಶಕರು ಬಿಡುವುದಿಲ್ಲ. ಆದರೆ ತಜ್ಞರ ಪರಿಶೀಲನೆ ಮುಗಿದು, ಪುಟವಿನ್ಯಾಸಕ್ಕೆ ಹೋಗುವ ಮುಂಚಿನ ಲೇಖಕರ ಪ್ರತಿಗೆ ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ, ಕೆಲವೊಮ್ಮೆ 12 ಅಥವಾ 24 ತಿಂಗಳು ಕಾಯಬೇಕೆಂಬ ಷರತ್ತಿನೊಂದಿಗೆ. ಆ ಪ್ರತಿಯನ್ನು ಪ್ರಬಂಧ ಸ್ವೀಕಾರವಾದ ವಾರದಲ್ಲೇ ಕೇಳಿ ಪಡೆದುಕೊಳ್ಳಿ. ಎರಡು ವರ್ಷ ಬಿಟ್ಟು ಕೇಳಿದರೆ ಯಾವ ಕಡತ ಕೊನೆಯದು ಎಂದು ಲೇಖಕರಿಗೇ ಗೊತ್ತಿರುವುದಿಲ್ಲ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗೂ ಬರಹದ ಒಪ್ಪಿಗೆ ಬೇಕು. ಸಂದರ್ಶನ ಕೊಟ್ಟವರ ಫೋನ್ ಸಂಖ್ಯೆ ಅನುಬಂಧದಲ್ಲಿ ಉಳಿದಿದೆಯೇ ಎಂದೂ ನೋಡಿ.

ಇನ್ನು ಮೆಟಾಡೇಟಾ, ಅಂದರೆ ಪ್ರತಿ ಕೃತಿಯ ಬಗೆಗಿನ ವಿವರ. ನನ್ನ ಪ್ರಕಾರ ರೆಪಾಸಿಟರಿಯ ಜೀವ ಇರುವುದೇ ಇಲ್ಲಿ. ಡಬ್ಲಿನ್ ಕೋರ್ ಎಂಬ 15 ಅಂಶಗಳ ಪಟ್ಟಿ ಬಹುತೇಕ ಎಲ್ಲ ಕಡೆ ಬಳಕೆಯಲ್ಲಿದೆ (ಈ ಡಬ್ಲಿನ್ ಇರುವುದು ಐರ್ಲೆಂಡಿನಲ್ಲಲ್ಲ, ಅಮೆರಿಕದ ಒಹಾಯೊದಲ್ಲಿ; 1995ರಲ್ಲಿ ಅಲ್ಲಿ ನಡೆದ ಸಭೆಯಿಂದ ಬಂದ ಹೆಸರು). ಶೀರ್ಷಿಕೆ, ಲೇಖಕ, ವರ್ಷ, ವಿಷಯ, ಭಾಷೆ, ಹಕ್ಕು ಇವನ್ನಾದರೂ ತಪ್ಪಿಲ್ಲದೆ ತುಂಬಿ. ಒಬ್ಬರದೇ ಹೆಸರನ್ನು ಒಮ್ಮೆ ಇನಿಷಿಯಲ್ ಮುಂದಿಟ್ಟು, ಒಮ್ಮೆ ಹಿಂದಿಟ್ಟು, ಮತ್ತೊಮ್ಮೆ ಚುಕ್ಕಿ ಬಿಟ್ಟು ಬರೆದರೆ ಕಂಪ್ಯೂಟರಿಗೆ ಅವರು ಮೂವರು. ಹೆಸರಿನ ಜೊತೆಗೆ ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ ಸಂಖ್ಯೆ ಸೇರಿಸಿದರೆ ಈ ಗೊಂದಲ ನೀಗುತ್ತದೆ.

ಹಳೆಯ ಪ್ರಬಂಧಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಹುಡುಕಬಲ್ಲ ಪಠ್ಯವಾಗಿಸುವ ಒಸಿಆರ್ ನಡೆಸಿ, ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್-ಎ ರೂಪದಲ್ಲಿ ಉಳಿಸಿ. ದಪ್ಪ ಬೈಂಡಿನ ಪುಸ್ತಕದಲ್ಲಿ ಹೊಲಿಗೆಯ ಬದಿಯ ಅಕ್ಷರಗಳು ಮಡಿಕೆಯೊಳಗೆ ಮರೆಯಾಗಿಬಿಡುತ್ತವೆ, ಅಲ್ಲಿ ಕಣ್ಣಿಟ್ಟಿರಿ. ಕೊನೆಗೆ ಯಾವುದಾದರೂ ಪುಟದ ಒಂದು ಪದವನ್ನು ಕಡತದಲ್ಲಿ ಹುಡುಕಿ. ಸಿಗದಿದ್ದರೆ ಓದುಗರಿಗೂ ಸಿಗದು.

ಡಿ-ಸ್ಪೇಸ್ ಹಾಕಿಕೊಂಡವರು ಮರೆಯುವ ಇನ್ನೊಂದು ಸಂಗತಿಯಿದೆ. ಪ್ರತಿ ಕೃತಿಗೂ ಅದು ಹ್ಯಾಂಡಲ್ ಎಂಬ ಶಾಶ್ವತ ವಿಳಾಸ ಕೊಡುತ್ತದೆ, ಆದರೆ ಅದರ ಮೊದಲ ಭಾಗ 123456789 ಎಂಬ ತಾತ್ಕಾಲಿಕ ಸಂಖ್ಯೆ. ಅದನ್ನು ಬದಲಿಸದೆ ಹಾಗೆಯೇ ಉಳಿಸಿಕೊಂಡರೆ ಆ ವಿಳಾಸ ಜಾಗತಿಕ ಹ್ಯಾಂಡಲ್ ವ್ಯವಸ್ಥೆಯಲ್ಲಿ ಕೆಲಸ ಮಾಡುವುದಿಲ್ಲ. ಆ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಿ ನಿಮ್ಮದೇ ಸಂಖ್ಯೆ ಪಡೆಯಿರಿ, ಅದೂ ಮೊದಲ ಕೃತಿ ಏರಿಸುವ ಮುನ್ನವೇ. ಆಮೇಲೆ ಮೆಟಾಡೇಟಾವನ್ನು ಇತರರಿಗೆ ಒದಗಿಸುವ ಒಎಐ-ಪಿಎಂಎಚ್ ಸೌಲಭ್ಯ ಚಾಲೂ ಮಾಡಿ, ಜಗತ್ತಿನ ರೆಪಾಸಿಟರಿಗಳನ್ನು ದಾಖಲಿಸುವ ಓಪನ್‌ಡೋರ್ ಪಟ್ಟಿಗೆ ನಿಮ್ಮದನ್ನೂ ಸೇರಿಸಿದರೆ, ನಿಮ್ಮಲ್ಲಿರುವ ಕೃತಿಗಳ ವಿವರವನ್ನು ಬೇರೆ ಶೋಧ ಸೇವೆಗಳು ತಾವಾಗಿಯೇ ಸಂಗ್ರಹಿಸಿಕೊಳ್ಳಬಹುದು.

ಬ್ಯಾಕಪ್‌ನಲ್ಲಿ ಕಡತಗಳ ಜೊತೆಗೆ ಡೇಟಾಬೇಸ್ ಕೂಡ ಇರಲೇಬೇಕು. ಡಿ-ಸ್ಪೇಸ್ ತನ್ನ ಕಡತಗಳನ್ನು ಉದ್ದನೆಯ ಅಂಕಿಗಳ ಹೆಸರಿನಲ್ಲಿ ಇಟ್ಟಿರುತ್ತದೆ. ಶೀರ್ಷಿಕೆ, ಲೇಖಕರೆಲ್ಲ ಇರುವುದು ಡೇಟಾಬೇಸಿನಲ್ಲಿ. ಒಂದು ಪ್ರತಿ ಕಾಲೇಜಿನ ಕಟ್ಟಡದ ಹೊರಗಿರಲಿ. ಆರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಆ ಬ್ಯಾಕಪ್ ಹಾಕಿ, ಒಂದು ಪ್ರಬಂಧವನ್ನು ಹೆಸರಿನಿಂದ ಹುಡುಕಿ, ತೆರೆದು ಓದಿ ನೋಡಿ.