ಬಣ್ಣ ಎಲ್ಲಿ ನಿಲ್ಲಬೇಕು: ಬಕೆಟ್ ಉಪಕರಣ ಬರೆಯುವ ಬಗೆ

ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಕಸೂತಿ ಹಾಕುತ್ತಾಳೆ. ಇಳಕಲ್ ಸೆರಗಿಗೆ ಯಾವ ಬಣ್ಣದ ದಾರ ಒಪ್ಪುತ್ತದೆಂದು ಮೊದಲೇ ನೋಡಿಕೊಳ್ಳಲಿ ಎಂದು ಅವಳಿಗೊಂದು ಸಣ್ಣ ಚಿತ್ರ ಬಿಡಿಸುವ ತಂತ್ರಾಂಶ ಬರೆದುಕೊಟ್ಟೆ. ಅದರಲ್ಲಿ ಬಕೆಟ್ ಉಪಕರಣವೆಂದರೆ, ಒತ್ತಿದ ಜಾಗದಿಂದ ಸುತ್ತಲಿನ ಗೆರೆಯವರೆಗೂ ಬಣ್ಣ ತುಂಬುವ ಗುಂಡಿ. ಅವ್ವ ಅದನ್ನು ಹಿಡಿದು ಗೋಪುರದ ನಕ್ಷೆಯೊಳಗೆ ಕೆಂಪು ಒತ್ತಿದಳು. ಇಡೀ ಪರದೆ ಕೆಂಪಾಯಿತು. “ಇದು ಬಣ್ಣ ತುಂಬಿದ್ದೋ, ಕೆರೆ ಒಡೆದದ್ದೋ?” ಎಂದಳು.

ತಪ್ಪು ನನ್ನದೇ. ಚಿತ್ರದ ಒಂದೊಂದು ಚುಕ್ಕಿಯೇ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಓರೆಯವೂ ಸೇರಿ ಎಂಟು ನೆರೆಯ ಚುಕ್ಕಿಗಳು ಎಂದು ಲೆಕ್ಕ ಹಿಡಿದಿದ್ದೆ. ಕಸೂತಿಯ ಮುರ್ಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ನಕ್ಷೆಯನ್ನು ಕುಗ್ಗಿಸಿದಾಗ ಒಂದೊಂದು ಮೆಟ್ಟಿಲೂ ಒಂದೊಂದು ಪಿಕ್ಸೆಲ್ಲಾಗಿ, ಮೂಲೆಗೆ ಮೂಲೆ ಮಾತ್ರ ತಾಗಿ ಉಳಿದಿತ್ತು. ಬಣ್ಣ ಓರೆಯಾಗಿ ಅಲ್ಲೇ ನುಸುಳಿತು. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕೇ ನೆರೆಯ ಚುಕ್ಕಿ ಇಟ್ಟುಕೊಳ್ಳಿ.

ಫಂಕ್ಷನ್, ಅಂದರೆ ಹೆಸರಿಟ್ಟ ಸೂಚನೆಗಳ ಕಟ್ಟು, ಪ್ರತಿ ಚುಕ್ಕಿಗೂ ತನ್ನನ್ನು ತಾನೇ ಕರೆದುಕೊಳ್ಳುವ ವಿಧಾನ ಪಾಠಕ್ಕೆ ಚೆಂದ, ಕೆಲಸಕ್ಕೆ ಬಾರದು. 1000×1000 ಚಿತ್ರದಲ್ಲಿ 10 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪೈಥಾನ್ ಭಾಷೆ, ಮಿತಿ ಬದಲಿಸದಿದ್ದರೆ, ಒಂದರೊಳಗೊಂದು ಸುಮಾರು 1000 ಕರೆಗಳಿಗೇ ಕೈಚೆಲ್ಲುತ್ತದೆ. ಒತ್ತಿದ ಜಾಗದಿಂದ ಎಡಕ್ಕೂ ಬಲಕ್ಕೂ ಗೆರೆ ಸಿಗುವ ತನಕ ಒಂದು ಸಾಲು ತುಂಬಿ. ಅದಕ್ಕೆ ಅಂಟಿದ ಮೇಲಿನ ಮತ್ತು ಕೆಳಗಿನ ಸಾಲುಗಳ ಪ್ರತಿ ಖಾಲಿ ತುಂಡಿನಿಂದ ಒಂದೊಂದೇ ಬಿಂದುವನ್ನು ಪಟ್ಟಿಗೆ ಸೇರಿಸಿ. ಪಟ್ಟಿ ಬರಿದಾಗುವ ತನಕ ಒಂದೊಂದನ್ನೇ ತೆಗೆದು ಹೀಗೇ ಮಾಡಿ. ಎಲ್ಲಿಗೆ ಹೋಗಿಬಂದಾಯಿತು ಎಂಬುದನ್ನು ಬೇರೆಯೇ ಗುರುತಿಡಿ. ಇಲ್ಲದಿದ್ದರೆ ಕೆಂಪಿನ ಮೇಲೆ ಕೆಂಪು ಒತ್ತಿದಾಗ ಕಂಪ್ಯೂಟರ್ ಸುತ್ತುತ್ತಲೇ ಇರುತ್ತದೆ.

ಇನ್ನು ಅಂಚು. ಗೆರೆ ನುಣುಪಾಗಿ ಕಾಣಲೆಂದು ಕಪ್ಪಿನ ಪಕ್ಕದಲ್ಲಿ ಬೂದು ಪಿಕ್ಸೆಲ್‌ಗಳಿರುತ್ತವೆ. ತದ್ರೂಪ ಬಣ್ಣವನ್ನಷ್ಟೇ ಹುಡುಕಿದರೆ ಅವು ತುಂಬದೆ, ಗೆರೆಗುಂಟ ಮಾಸಲು ಎಳೆಯೊಂದು ಉಳಿಯುತ್ತದೆ. ಬಣ್ಣವನ್ನು ಅಳೆಯುವ 0ರಿಂದ 255ರ ಅಳತೆಯಲ್ಲಿ 40ರಷ್ಟು ವ್ಯತ್ಯಾಸಕ್ಕೆ ಅವಕಾಶ ಕೊಟ್ಟು ನಾನು ಆರಂಭಿಸುತ್ತೇನೆ. ಹೋಲಿಕೆ ಮಾತ್ರ ಮೊದಲು ಒತ್ತಿದ ಪಿಕ್ಸೆಲ್‌ಗೇ ಇರಲಿ. ಪಕ್ಕದ್ದಕ್ಕೆ ಹೋಲಿಸುತ್ತ ಹೋದರೆ ಬೂದಿನಿಂದ ಬೂದಿಗೆ ಜಾರಿ ಬಣ್ಣ ಗೆರೆ ದಾಟುತ್ತದೆ. ಆಮೇಲೆ ತುಂಬಿದ ಭಾಗವನ್ನು ಗೆರೆಯ ಕೆಳಗಿನ ಪದರದಲ್ಲಿ ಒಂದು ಪಿಕ್ಸೆಲ್ ಹಿಗ್ಗಿಸಿ.

ಕೈಯಿಂದ ಎಳೆದ ಗೆರೆಯಲ್ಲಿ ಸಂದು ಇದ್ದೇ ಇರುತ್ತದೆ. ಲೆಕ್ಕಕ್ಕಷ್ಟೇ, ಪರದೆಯ ಮೇಲೆ ಕಾಣದಂತೆ, ಗೆರೆಯನ್ನು ಎಲ್ಲ ದಿಕ್ಕಿಗೂ 2 ಪಿಕ್ಸೆಲ್ ದಪ್ಪ ಮಾಡಿದರೆ 4 ಪಿಕ್ಸೆಲ್ ಸಂದಿನವರೆಗೂ ಮುಚ್ಚುತ್ತದೆ. ತುಂಬಿದ ಮೇಲೆ ಬಣ್ಣವನ್ನು ನಿಜವಾದ ಗೆರೆಯತ್ತ ಅಷ್ಟೇ ಹಿಗ್ಗಿಸಿ. ನಾನು ಹೀಗೆ ಮಾಡಿ ಬೀಗುತ್ತಿರುವಾಗಲೇ, ಅವ್ವನ ನಕ್ಷೆಯ 4 ಪಿಕ್ಸೆಲ್ ಅಗಲದ ಪುಟ್ಟ ಚೌಕಗಳೂ ಮುಚ್ಚಿಹೋಗಿ, ಒತ್ತಿದರೂ ಬಣ್ಣವೇ ಬೀಳಲಿಲ್ಲ. ಈ ಸೌಲಭ್ಯಕ್ಕೆ ಬೇಕೆಂದಾಗ ಒತ್ತುವ ಗುಂಡಿ ಇಡಿ.

ಇನ್ನೊಂದು ಗುಂಡಿ ಮಾಡಿದ್ದನ್ನು ರದ್ದು ಮಾಡಲು. ಅದನ್ನು ಒತ್ತಿದರೆ ಒಮ್ಮೆ ತುಂಬಿದ್ದು ಒಮ್ಮೆಗೇ ಹಿಂದಕ್ಕೆ ಹೋಗಬೇಕು. ಇಡೀ ಚಿತ್ರದ ಪ್ರತಿ ಬೇಡ, ಬಣ್ಣ ಬಿದ್ದ ಭಾಗವನ್ನು ಸುತ್ತುವರಿದ ಆಯತದ ಹಳೆಯ ಪಿಕ್ಸೆಲ್‌ಗಳನ್ನಷ್ಟೇ ಉಳಿಸಿಕೊಂಡರೆ ಸಾಕು. ಬಟ್ಟೆಯ ಮೇಲಾದರೆ ಎಳೆಯ ಎಣಿಕೆ ತಪ್ಪಿದಲ್ಲಿಯವರೆಗೂ ಬಿಚ್ಚಬೇಕು. ಅವ್ವ ಈ ರದ್ದು ಗುಂಡಿಯನ್ನು ಒತ್ತಿ ಒತ್ತಿ ನೋಡುತ್ತ ಕುಳಿತಿದ್ದಳು.