ಪಿಸ್ತೂಲಿನ ಫ್ರೇಮ್ ಬಿಡಿಸುತ್ತಾ ಕಂಡದ್ದು

ಸಂಗ್ರಹಾಲಯಗಳಲ್ಲಿ ಗುಂಡು ಹಾರದಂತೆ ಮಾಡಿಟ್ಟ ಹಳೆಯ ಪಿಸ್ತೂಲುಗಳ ತಾಂತ್ರಿಕ ಚಿತ್ರ ಬಿಡಿಸುವುದು ನನ್ನ ಕೆಲಸ. ನಾನು ಮೊದಲು ಬಿಡಿಸುವುದು ಫ್ರೇಮ್, ಅಂದರೆ ಹಿಡಿ, ಟ್ರಿಗರ್ ಎಲ್ಲವನ್ನೂ ಹೊತ್ತಿರುವ ಕೆಳಗಿನ ಚೌಕಟ್ಟು. ಅದರ ಮೇಲೆ ಹಿಂದೆಮುಂದೆ ಜಾರುವ ಸ್ಲೈಡು, ಗುಂಡು ಹೊರಡುವ ನಳಿಗೆಯಾದ ಬ್ಯಾರೆಲ್ಲು ಆಮೇಲೆ. ಹೊರಗಿನಿಂದ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಫ್ರೇಮ್ ಒಂದನ್ನೇ ಮೇಜಿನ ಮೇಲಿಟ್ಟರೆ ಯಾವುದು ಯಾವ ಮನೆಯದು ಅಂತ ತಿಳಿಯುತ್ತದೆ.

ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಎಂ1911 ಪಿಸ್ತೂಲಿನ ಹಿಡಿಯ ಬೆನ್ನು ಖಾಲಿ. ಅಲ್ಲಿ ಮುಖ್ಯ ಸ್ಪ್ರಿಂಗನ್ನು ಒಳಗಿಟ್ಟುಕೊಂಡ ಮೇನ್‌ಸ್ಪ್ರಿಂಗ್ ಹೌಸಿಂಗ್ ಎಂಬ ಬೇರೆ ತುಂಡು ಕೆಳಗಿನಿಂದ ಜಾರಿ ಕೂರುತ್ತದೆ, ಒಂದು ಪಿನ್ನು ಅದನ್ನು ಹಿಡಿದಿಡುತ್ತದೆ. ಇದನ್ನೇ ತಿದ್ದಿದ, 1920ರ ದಶಕದ ಎಂ1911ಎ1 ಮಾದರಿಯಲ್ಲಿ ಈ ತುಂಡು ಉಬ್ಬಿಕೊಂಡಿತು. ಟ್ರಿಗರ್ ಹಿಂದೆ ಫ್ರೇಮಿನ ಎರಡೂ ಬದಿಯ ಲೋಹವನ್ನು ಸ್ವಲ್ಪ ಕೆತ್ತಿ ಬೆರಳಿಗೆ ಜಾಗ ಮಾಡಿದರು. ಆ ತಗ್ಗಿನ ನೆರಳು ಸರಿಯಾಗಿ ಬಂದರೆ ಸಾಕು, ಮಾದರಿ ಯಾವುದೆಂದು ಬರೆಯುವುದೇ ಬೇಡ.

1926ರಲ್ಲಿ ಬ್ರೌನಿಂಗ್ ತೀರಿಕೊಂಡ ಮೇಲೆ ಬೆಲ್ಜಿಯಂನ ವಿನ್ಯಾಸಕ ಸೈವ್ ಮುಗಿಸಿದ ಹೈ-ಪವರ್ ಪಿಸ್ತೂಲಿನಲ್ಲಿ ಬೆನ್ನು ಫ್ರೇಮಿನದೇ ಭಾಗ. ಎರಡು ಸಾಲಿನಲ್ಲಿ 13 ಗುಂಡು ಹಿಡಿಯುವ ಪೆಟ್ಟಿಗೆ, ಅಂದರೆ ಮ್ಯಾಗಜಿನ್ನು, ಹಿಡಿಯೊಳಗಿನ ಜಾಗವನ್ನೆಲ್ಲ ತಿನ್ನುತ್ತದೆ. ಎಂ1911ರಲ್ಲಿ ಮ್ಯಾಗಜಿನ್ನಿನ ಅಕ್ಕಪಕ್ಕ ಹಾದು ಹೋಗುವ ಟ್ರಿಗರ್ ಪಟ್ಟಿಗೆ ಇಲ್ಲಿ ದಾರಿಯೇ ಇಲ್ಲ. ಹಾಗಾಗಿ ಟ್ರಿಗರ್ ಒತ್ತಿದ್ದು ಸ್ಲೈಡಿನೊಳಗಿನ ಒಂದು ಸನ್ನೆಗೋಲಿನ ಮೂಲಕ ಹಿಂದಕ್ಕೆ ತಲುಪುತ್ತದೆ. ಫ್ರೇಮ್ ಬಿಡಿಸುವಾಗಲೇ ಈ ಸುತ್ತುದಾರಿ ಏಕೆ ಬೇಕಾಯಿತು ಅಂತ ಅರ್ಥವಾಗುತ್ತದೆ ಅಲ್ವಾ?

ಸೋವಿಯತ್ ಪಿಸ್ತೂಲು ಟೋಕರೆವ್ ಟಿಟಿ-33ರದ್ದು ಇನ್ನೊಂದು ದಾರಿ. ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಮತ್ತು ಅದರ ಸಂಗಾತಿ ಭಾಗಗಳೆಲ್ಲ ಒಂದೇ ಗಂಟಾಗಿ ಮೇಲಕ್ಕೆ ಎದ್ದು ಬರುತ್ತವೆ. ಅದನ್ನು ತೆಗೆದ ಮೇಲೆ ಫ್ರೇಮಿನ ಹಿಂಭಾಗದಲ್ಲಿ ಉಳಿಯುವುದು ಬರೀ ಖಾಲಿ ತಗ್ಗು.

ನನಗೆ ಜಾಸ್ತಿ ಇಷ್ಟ ಎಸ್‌ಐಜಿ ಪಿ210. ಸ್ವಿಸ್ ಸೇನೆ 1949ರಲ್ಲಿ ಇದನ್ನು ಒಪ್ಪಿಕೊಂಡಿತು. ಎಂ1911ರಲ್ಲಿ ಸ್ಲೈಡು ಫ್ರೇಮನ್ನು ಹೊರಗಿನಿಂದ ಅಪ್ಪಿಕೊಳ್ಳುತ್ತದೆ, ಸ್ಲೈಡು ಜಾರುವ ಹಳಿಯ ಕಾಲುವೆ ಫ್ರೇಮಿನ ಹೊರಮೈಯಲ್ಲಿರುತ್ತದೆ. ಪಿ210ರಲ್ಲಿ ಇದು ತಲೆಕೆಳಗು: ಫ್ರೇಮ್ ಹೊರಗೆ, ಸ್ಲೈಡು ಒಳಗೆ. 1975ರ ಜೆಕ್ ಪಿಸ್ತೂಲು ಸಿಝಡ್ 75 ಕೂಡ ಹೀಗೇ. ಹಳಿ ಉದ್ದವಾಗಿ ಸಿಗುವುದರಿಂದ ಸ್ಲೈಡು ಅಲುಗದೆ ಓಡುತ್ತದೆ. ಆದರೆ ಹೊರಗೆ ಕಾಣುವ ಸ್ಲೈಡು ಗಿಡ್ಡ, ಎಳೆಯಲು ಕೈಗೆ ಸಿಗುವ ಜಾಗ ಕಡಿಮೆ. ಪಕ್ಕದ ನೋಟದಲ್ಲಿ ಹಳಿ ಯಾವ ಕಡೆ ಮುಖ ಮಾಡಿದೆ ಅನ್ನೋದು ಗೊತ್ತೇ ಆಗುವುದಿಲ್ಲ. ಅದಕ್ಕೇ ಪ್ರತಿ ಫ್ರೇಮಿಗೂ ಅಡ್ಡ ಸೀಳಿದ ನೋಟವೊಂದನ್ನು ತಪ್ಪದೆ ಹಾಕುತ್ತೇನೆ.

ಜರ್ಮನ್ ಪಿಸ್ತೂಲು ಲ್ಯೂಗರ್ ಪಿ08ಕ್ಕೆ ಅದೂ ಸಾಲದು. ಅದರಲ್ಲಿ ಸ್ಲೈಡೇ ಇಲ್ಲ. ಬ್ಯಾರೆಲ್ಲು ಹಿಂದಕ್ಕೆ ಜಾರಿದಾಗ ಫ್ರೇಮಿನ ಹಿಂದಿನ ಇಳಿಜಾರುಗಳಿಗೆ ತಾಗಿ ಟಾಗಲ್ ಎಂಬ ಮೊಣಕಾಲಿನಂಥ ಕೀಲು ಮೇಲಕ್ಕೆ ಮಡಚಿಕೊಳ್ಳುತ್ತದೆ. ಆ ಎರಡು ಇಳಿಜಾರುಗಳನ್ನು ದೊಡ್ಡದು ಮಾಡಿ, ಪಕ್ಕದಲ್ಲೇ ಬೇರೆ ಬಿಡಿಸುತ್ತೇನೆ.